ಬೇಸಿಗೆಯ ಕಾವು ಮತ್ತು ಗುಡುಗುಮಳೆ: ಜನಪದ ಮುನ್ನೋಟದ ಸ್ವರೂಪ

ಕರ್ನಾಟಕದ ಒಕ್ಕಲುತನದ ಬದುಕಿನಲ್ಲಿ ಯುಗಾದಿಯಿಂದ ಕಾರಹುಣ್ಣಿಮೆಯವರೆಗಿನ ಅವಧಿ ಅತ್ಯಂತ ನಿರ್ಣಾಯಕವಾದುದು. ಸುಗ್ಗಿ ಮುಗಿದಿರುತ್ತದೆ, ಕಣ ಬರಿದಾಗಿರುತ್ತದೆ, ಹೊಲ ಬಿಸಿಲಿಗೆ ಮೈಯೊಡ್ಡಿರುತ್ತದೆ. ಕೂಡಿಟ್ಟ ಬೀಜವನ್ನು ಯಾವ ಮಳೆಗೆ ಮಣ್ಣಿಗೆ ಹಾಕಬೇಕು, ಯಾವ ಮಳೆಯನ್ನು ನಂಬದೆ ಬಿಡಬೇಕು ಎಂಬ ತೀರ್ಮಾನ ಈ ಅವಧಿಯಲ್ಲಿಯೇ ಆಗಬೇಕು. ಆದುದರಿಂದ ಬೇಸಿಗೆಯ ಕಾವು ಮತ್ತು ಸಂಜೆಯ ಗುಡುಗುಮಳೆಗಳನ್ನು ಮುಂಚಿತವಾಗಿ ಅರಿಯುವ ಪ್ರಯತ್ನಗಳು ನಾಡಿನಲ್ಲಿ ಹಲವು ಬಗೆಯಲ್ಲಿ ನಡೆದುಬಂದಿವೆ. ಯುಗಾದಿಯ ಪಂಚಾಂಗ ಶ್ರವಣ, ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರ್ಣಿಕ, ಮಳೆ ನಕ್ಷತ್ರಗಳನ್ನು ಕುರಿತ ಗಾದೆಗಳು ಇವುಗಳಲ್ಲಿ ಮುಖ್ಯವಾದವು. ಇನ್ನೊಂದೆಡೆ, 1875ರಲ್ಲಿ ಸ್ಥಾಪನೆಗೊಂಡ ಭಾರತೀಯ ಹವಾಮಾನ ಇಲಾಖೆಯು 2016ರಿಂದ ಬೇಸಿಗೆ ಕಾಲಕ್ಕೆ ಪ್ರತ್ಯೇಕವಾದ ಋತುಮಾನ ಮುನ್ನೋಟವನ್ನು ಪ್ರಕಟಿಸುತ್ತ ಬಂದಿದೆ.

ಈ ಎರಡು ಪರಂಪರೆಗಳನ್ನು ಎದುರುಬದುರು ನಿಲ್ಲಿಸಿ, ಒಂದನ್ನು ವಿಜ್ಞಾನವೆಂದೂ ಇನ್ನೊಂದನ್ನು ಮೂಢನಂಬಿಕೆಯೆಂದೂ ಹೆಸರಿಸುವ ರೂಢಿ ಇದೆ. ಇದಕ್ಕೆ ಪ್ರತಿಯಾಗಿ ಜನಪದರ ಮಾತೆಲ್ಲವೂ ವಿಜ್ಞಾನವೇ ಎಂದು ಕೊಂಡಾಡುವ ರೂಢಿಯೂ ಇದೆ. ಎರಡೂ ನಿಲುವುಗಳು ಜನಪದ ಮುನ್ನೋಟದ ನಿಜಸ್ವರೂಪವನ್ನು ಮರೆಮಾಡುತ್ತವೆ. ಮಳೆಯ ಗಾದೆಗಳ ರಚನೆಯನ್ನು ಗಮನಿಸಿದರೆ ಅವುಗಳಲ್ಲಿ ಬಹುಪಾಲು ‘ಬಂದರೆ’, ‘ಸುರಿದರೆ’, ‘ಹುಯ್ದರೆ’ ಎಂಬ ಪಕ್ಷಾರ್ಥದ ರೂಪದಿಂದ ಕೂಡಿರುವುದು ಕಂಡುಬರುತ್ತದೆ. ಮಳೆ ಬರುತ್ತದೆ ಎಂದು ಅವು ಹೇಳುವುದಿಲ್ಲ. ಬಂದರೆ ಏನಾಗುತ್ತದೆ, ಏನು ಮಾಡಬೇಕು ಎಂಬುದನ್ನು ಹೇಳುತ್ತವೆ. ಇಲಾಖೆಯ ಮುನ್ನೋಟ ಇದಕ್ಕಿಂತ ಮೊದಲಿನ ಪ್ರಶ್ನೆಗೆ ಉತ್ತರಿಸುತ್ತದೆ: ಮಳೆ ಬಂದೀತೆ? ಬಂದರೆ ಎಷ್ಟು ಕಡೆ ಬಂದೀತು? ಈ ‘ಬಂದೀತು’ ಮತ್ತು ‘ಬಂದರೆ’ಗಳ ನಡುವಿನ ಸಂಬಂಧವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇವೆರಡರ ನಡುವೆ ಅಂತರ ಉಳಿದಾಗ ಬೀಜ ಹಾಳಾಗುತ್ತದೆ. ಸಿಡಿಲಿನ ವಿಷಯದಲ್ಲಿ ಪ್ರಾಣವೇ ಹೋಗುತ್ತದೆ.

ಮಳೆ ನಕ್ಷತ್ರಗಳು: ಕಾಲದ ಹಂಚಿಕೆ

ಸೂರ್ಯನ ವಾರ್ಷಿಕ ಪಥವನ್ನು 27 ನಕ್ಷತ್ರಗಳಿಗೆ ಹಂಚಿದಾಗ ಒಂದೊಂದಕ್ಕೆ ಹದಿಮೂರೂವರೆ ದಿನಗಳಷ್ಟು ಕಾಲ ದೊರೆಯುತ್ತದೆ. ಈಗಿನ ಪಂಚಾಂಗಗಳ ಪ್ರಕಾರ ಅಶ್ವಿನಿ ಏಪ್ರಿಲ್ 13–14ರ ವೇಳೆಗೆ, ಭರಣಿ 27ರ ಸುಮಾರಿಗೆ, ಕೃತ್ತಿಕೆ ಮೇ 11ರ ಸುಮಾರಿಗೆ, ರೋಹಿಣಿ 24–25ಕ್ಕೆ, ಮೃಗಶಿರ ಜೂನ್ 7–8ಕ್ಕೆ ಆರಂಭವಾಗುತ್ತವೆ. ಇವುಗಳಲ್ಲಿ ಮೊದಲ ನಾಲ್ಕು ಬೇಸಿಗೆಯ ಮಳೆಗಳು. ಮೃಗಶಿರದಿಂದ ಮುಂಗಾರಿನ ನಿಜವಾದ ಪ್ರವೇಶ. ಜನರ ಬಾಯಲ್ಲಿ ರೋಹಿಣಿ ‘ರೋಣಿ’ಯಾಗಿ, ಮೃಗಶಿರ ‘ಮಿರಗ’ವಾಗಿ ರೂಪಾಂತರಗೊಂಡಿವೆ. ನಕ್ಷತ್ರ ಆರಂಭವಾದುದನ್ನು ‘ಮಳೆ ಹುಟ್ಟಿತು’ ಎಂದು ಹೇಳುವುದು ವಾಡಿಕೆ. ಒಂದು ಹನಿಯೂ ಬೀಳದಿದ್ದರೂ ಮಳೆ ಹುಟ್ಟಿರುತ್ತದೆ ಎಂಬುದು ಇಲ್ಲಿ ಗಮನಾರ್ಹ. ಅಂದರೆ ‘ಭರಣಿ ಮಳೆ’ ಎಂಬುದು ನೀರಿನ ಹೆಸರಾಗುವುದಕ್ಕೆ ಮೊದಲು ಕಾಲದ ಹೆಸರು. ಮಳೆಗಾಗಿ ತೆರೆದಿಟ್ಟ ಒಂದು ಅವಕಾಶ.

ಭರಣಿಯ ಮಳೆ ಸುರಿದರೆ ಧರಣಿ ಬದುಕುತ್ತದೆ ಎಂಬರ್ಥದ ಗಾದೆ ಬಯಲುಸೀಮೆಯಲ್ಲೆಲ್ಲ ಪ್ರಚಲಿತವಾಗಿದೆ. ರೋಹಿಣಿ ಮಳೆಯಾದರೆ ಓಣಿಯ ತುಂಬ ಜೋಳ ಎಂಬರ್ಥದ ಗಾದೆ ಉತ್ತರ ಕರ್ನಾಟಕದಲ್ಲಿ ಕೇಳಿಬರುತ್ತದೆ. ‘ಭರಣಿ’ಗೆ ‘ಧರಣಿ’, ‘ರೋಹಿಣಿ’ಗೆ ‘ಓಣಿ’ ಎಂಬ ಪ್ರಾಸಗಳು ನೆನಪಿಗೆ ನೆರವಾಗುವ ಸಾಧನಗಳೆಂಬುದು ನಿಜವಾದರೂ ಅವುಗಳ ಹಿಂದಿನ ಕೃಷಿ ಅನುಭವ ಪ್ರಾಸಕ್ಕಾಗಿ ಕಟ್ಟಿದ್ದಲ್ಲ. ಮೈಸೂರು, ಮಂಡ್ಯ, ಹಾಸನ, ತುಮಕೂರು ಭಾಗಗಳಲ್ಲಿ ಏಪ್ರಿಲ್ ಕೊನೆಯ ಹದ ಮಳೆಗೆ ಎಳ್ಳು, ಹೆಸರು, ಅಲಸಂದೆಗಳನ್ನು ಬಿತ್ತುತ್ತಾರೆ. ಧಾರವಾಡ, ಹಾವೇರಿಗಳ ಸೆರಗಿನಲ್ಲಿ ಕೂರಿಗೆಯಿಂದ ಭತ್ತ ಬಿತ್ತುವುದಕ್ಕೆ ಮೇ ಕೊನೆಯ ವಾರ ಸೂಕ್ತ ಕಾಲ. ಕಾಫಿ ಬೆಳೆಯುವ ಕೊಡಗು, ಚಿಕ್ಕಮಗಳೂರುಗಳಲ್ಲಿ ಇದೇ ಬೇಸಿಗೆ ಮಳೆಯ ಲೆಕ್ಕ ಬೇರೆ. ಅಲ್ಲಿ ಮಾರ್ಚ್–ಏಪ್ರಿಲ್‌ನಲ್ಲಿ ಒಮ್ಮೆ ಹೂಮಳೆ ಬೀಳಬೇಕು. ಹೂವು ಕಾಯಿಗಟ್ಟಲು ಎರಡು ಮೂರು ವಾರಗಳಲ್ಲಿ ಮತ್ತೊಂದು ಮಳೆ ಬೇಕು. ಇದೇ ಮಳೆ ಆಲಿಕಲ್ಲಿನೊಡನೆ ಬಂದರೆ ಮಾವಿನ ತೋಪಿಗೆ ಕೇಡು. ಹೀಗೆ ಒಂದೇ ಮಳೆ ಒಂದು ಬೆಳೆಗೆ ವರವಾಗಿ ಇನ್ನೊಂದಕ್ಕೆ ಶಾಪವಾಗುವುದರಿಂದ, ಜನಪದರು ಮಳೆಯನ್ನು ಅಳತೆಯಿಂದ ಗುರುತಿಸದೆ ಅದರ ಪರಿಣಾಮದಿಂದ ಗುರುತಿಸಿದರು. ‘ಹದ ಮಳೆ’ ಎಂಬ ಮಾತಿನಲ್ಲಿರುವ ‘ಹದ’ವು ಮಣ್ಣಿನ ಸ್ಥಿತಿಯೇ ಹೊರತು ಆಕಾಶದ ಸ್ಥಿತಿಯಲ್ಲ.

ಈ ಗಾದೆಗಳನ್ನು ಅನಾದಿಕಾಲದವು ಎಂದು ಭಾವಿಸುವುದು ಸರಿಯಲ್ಲ. ವಿಷುವತ್ ಬಿಂದುವಿನ ಚಲನೆಯ ಕಾರಣದಿಂದ ನಕ್ಷತ್ರಮಾನದ ಪಂಚಾಂಗವು ಋತುಗಳಿಗೆ ಹೋಲಿಸಿದರೆ ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಮುಂದಕ್ಕೆ ಸರಿಯುತ್ತದೆ. ಬೃಹತ್ಸಂಹಿತೆಯಲ್ಲಿ ಮಳೆಯ ಲಕ್ಷಣಗಳನ್ನು ಬರೆದ ವರಾಹಮಿಹಿರನ ಕಾಲದಲ್ಲಿ, ಅಂದರೆ ಆರನೆಯ ಶತಮಾನದಲ್ಲಿ, ಸೂರ್ಯನ ಅಶ್ವಿನೀ ಪ್ರವೇಶ ಋತುಮಾನದಲ್ಲಿ ಈಗಿಗಿಂತ ಸುಮಾರು ಮೂರು ವಾರ ಮುಂಚಿತವಾಗಿಯೇ ಆಗುತ್ತಿತ್ತು. ಅಂದಿನ ಭರಣಿ ಇಂದಿನ ಭರಣಿಯಲ್ಲ. ಇಂದಿನ ಗಾದೆಗಳು ಇಂದಿನ ಬಿತ್ತನೆಗೆ ಹೊಂದುತ್ತವೆ ಎಂದಾದರೆ, ಜನಪದರು ಅವುಗಳನ್ನು ಕಾಲಕಾಲಕ್ಕೆ ಪರಿಷ್ಕರಿಸುತ್ತ ಬಂದಿದ್ದಾರೆ ಎಂದೇ ತಿಳಿಯಬೇಕಾಗುತ್ತದೆ. ಪರಂಪರೆ ಬದಲಾಗುವುದಿಲ್ಲ ಎಂಬ ಗ್ರಹಿಕೆಗೆ ಮಳೆ ನಕ್ಷತ್ರಗಳೇ ಪ್ರತ್ಯುತ್ತರವಾಗಿವೆ.

ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುವ ಕಾವು

ಜನಪದ ಮುನ್ನೋಟವು ಪ್ರಾದೇಶಿಕವಾದುದು ಎಂಬುದಕ್ಕೆ ರೋಹಿಣಿ ನಕ್ಷತ್ರ ಉತ್ತಮ ನಿದರ್ಶನ. ಕನ್ನಡದ ಗಾದೆಗಳಲ್ಲಿ ರೋಹಿಣಿ ಮಳೆಯ ಹೆಸರು. ಗಡಿಯಾಚೆಯ ತೆಲುಗು ನಾಡಿನಲ್ಲಿ ಅದು ಬಿಸಿಲಿನ ಹೆಸರು. ರೋಹಿಣಿ ಕಾರ್ತೆಯ ಬಿಸಿಲಿಗೆ ಒರಳುಕಲ್ಲೂ ಬಿರಿಯುತ್ತದೆ ಎಂಬ ಭಾವದ ಮಾತು ತೆಲುಗರಲ್ಲಿ ಪ್ರಸಿದ್ಧವಾಗಿದೆ. ತಮಿಳುನಾಡಿನಲ್ಲಿ ಮೇ 4ರ ಸುಮಾರಿನಿಂದ 28ರವರೆಗಿನ ಅವಧಿಯನ್ನು ‘ಅಗ್ನಿ ನಕ್ಷತ್ರ’ ಎಂದು ಕರೆದು ಬಿಸಿಲಿನ ಪರಾಕಾಷ್ಠೆ ಎಂದು ಎಣಿಸುತ್ತಾರೆ. ಕೃತ್ತಿಕೆಯ ಅಧಿದೇವತೆ ಅಗ್ನಿ ಎಂಬ ನಂಬಿಕೆಯೂ ಇದರೊಂದಿಗೆ ಬೆಸೆದುಕೊಂಡಿದೆ.

ಈ ಭಿನ್ನತೆಗೆ ಭೌಗೋಳಿಕ ಕಾರಣವಿದೆ. ಬೆಂಗಳೂರು, ಮೈಸೂರುಗಳನ್ನೊಳಗೊಂಡ ದಕ್ಷಿಣ ಒಳನಾಡಿನಲ್ಲಿ ಏಪ್ರಿಲ್ ಅತ್ಯಂತ ಬಿಸಿಯಾದ ತಿಂಗಳು. ಮೇ ತಿಂಗಳ ಗುಡುಗುಮಳೆಗಳು ಅಲ್ಲಿ ನೆಲವನ್ನು ತಣಿಸುತ್ತವೆ. ಕಲಬುರಗಿಯ ಕಡೆಗೆ ಸಾಗಿದಂತೆ ಮೇ ತಿಂಗಳೇ ಹೆಚ್ಚು ಬಿಸಿಯಾಗಿರುತ್ತದೆ. ರಾಯಚೂರಿನಲ್ಲಿ 45.6 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾದದ್ದು 1928ರ ಮೇ 23ರಂದು, ಅಂದರೆ ರೋಹಿಣಿಯ ಹೊಸ್ತಿಲಲ್ಲಿ. ಆದ್ದರಿಂದ ಒಂದೇ ನಕ್ಷತ್ರ ಹಾಸನದವರಿಗೆ ಮಳೆಯಾಗಿ, ರಾಯಚೂರಿನಾಚೆಯವರಿಗೆ ಬೆಂಕಿಯಾಗಿ ಕಾಣುವುದು ಸಹಜವೇ ಆಗಿದೆ.

ಕರಾವಳಿಯ ತುಳುನಾಡಿನಲ್ಲಿ ಇದೇ ದಿನಕ್ಕೆ ಮೂರನೆಯದೊಂದು ಹೆಸರಿದೆ. ತುಳುವರ ಬೇಶ ತಿಂಗಳ ಹತ್ತನೆಯ ದಿನವನ್ನು ‘ಪತ್ತನಾಜೆ’ ಎಂದು ಆಚರಿಸುತ್ತಾರೆ. ಅಂದಿಗೆ ಭೂತಾರಾಧನೆಯ ಕೋಲಗಳು, ದೇವಸ್ಥಾನದ ಉತ್ಸವಗಳು, ಯಕ್ಷಗಾನ ಮೇಳಗಳ ತಿರುಗಾಟ ಕೊನೆಗೊಳ್ಳುತ್ತವೆ, ಬೇಸಾಯ ಆರಂಭವಾಗುತ್ತದೆ. ಅಂದು ಹತ್ತು ಹನಿಯಾದರೂ ಮಳೆ ಬೀಳಬೇಕೆಂಬ ನಂಬಿಕೆಯಿದೆ. ವೃಷಭ ರಾಶಿಯ ಹತ್ತನೆಯ ಭಾಗದಿಂದಲೇ ರೋಹಿಣಿ ನಕ್ಷತ್ರ ಆರಂಭವಾಗುವುದರಿಂದ ಪತ್ತನಾಜೆಯೂ ರೋಹಿಣಿ ಮಳೆಯ ಹುಟ್ಟೂ ಹೆಚ್ಚುಕಡಿಮೆ ಒಂದೇ ದಿನ ಬೀಳುತ್ತವೆ. ಘಟ್ಟದ ಮೇಲಿನ ರೈತ ನಕ್ಷತ್ರದಿಂದ ಎಣಿಸಿದುದನ್ನು ಘಟ್ಟದ ಕೆಳಗಿನ ರೈತ ತಿಂಗಳಿನಿಂದ ಎಣಿಸಿದ್ದಾನೆ. ಎರಡೂ ಕಡೆ ಆಕಾಶದಲ್ಲಿ ಸೂರ್ಯ ನಿಂತಿರುವ ಜಾಗ ಒಂದೇ ಆಗಿದೆ.

ಕಾವನ್ನು ಹೆಸರಿಸುವ ಪದಗಳಲ್ಲಿಯೂ ಇಂಥ ಸೂಕ್ಷ್ಮತೆ ಕಾಣುತ್ತದೆ. ಒಣ ನೆಲದಿಂದ ಮೇಲೇಳುವ ಉರಿ ‘ಝಳ’. ಮೈಗೆ ಅಂಟುವ ಕರಾವಳಿಯ ಬೆವರಿನ ಬೇಗೆ ‘ಸೆಕೆ’. ಉತ್ತರ ಕರ್ನಾಟಕದಲ್ಲಿ ಗಾಳಿ ಕಟ್ಟಿಕೊಂಡು ಒಳಗೊಳಗೇ ಬೇಯಿಸುವ ಸ್ಥಿತಿ ‘ಕುದಿ’. ಉಷ್ಣಮಾಪಕಕ್ಕೆ ಇವೆಲ್ಲ ಒಂದೇ ಅಂಕಿಯಾಗಿ ಕಾಣಬಹುದು. ಮೈಗೆ ಒಂದೇ ಅಲ್ಲ. ಗಾಳಿಯಲ್ಲಿ ತೇವ ಹೆಚ್ಚಿದಾಗ ಬೆವರು ಆರುವುದಿಲ್ಲ, ದೇಹ ತಣಿಯುವುದಿಲ್ಲ. ‘ಇಂದು ಕುದಿ ಹೆಚ್ಚಿದೆ, ಸಂಜೆಗೆ ಮಳೆಯಾದೀತು’ ಎಂಬ ಹಳ್ಳಿಗರ ಊಹೆ ಈ ತೇವವನ್ನೇ ಗುರುತಿಸುತ್ತದೆ.

ಗುಡುಗುಮಳೆ ಹುಟ್ಟುವ ಬಗೆ

ಬೇಸಿಗೆಯಲ್ಲಿ ದಖ್ಖನ್ ಪ್ರಸ್ಥಭೂಮಿ ಕಾದಾಗ ನೆಲಕ್ಕೆ ತಾಗಿದ ಗಾಳಿ ಹಗುರವಾಗಿ ಮೇಲೇರುತ್ತದೆ. ಅರಬ್ಬೀ ಸಮುದ್ರದಿಂದ ಬರುವ ಪಡುವಣ ಗಾಳಿ ಮತ್ತು ಬಂಗಾಳ ಕೊಲ್ಲಿಯ ಕಡೆಯಿಂದ ಬರುವ ಮೂಡಣ ಗಾಳಿ ಒಳನಾಡಿನಲ್ಲಿ ಸಂಧಿಸುತ್ತವೆ. ಮಧ್ಯಭಾರತದ ವಿದರ್ಭದ ಕಡೆಯಿಂದ ಮರಾಠವಾಡ, ಉತ್ತರ ಒಳನಾಡು ಕರ್ನಾಟಕಗಳ ಮೂಲಕ ದಕ್ಷಿಣಕ್ಕೆ ಚಾಚುವ ಈ ಸಂಧಿರೇಖೆಯನ್ನು ಏಪ್ರಿಲ್–ಮೇ ತಿಂಗಳ ಹವಾಮಾನ ವರದಿಗಳು ಮೇಲಿಂದ ಮೇಲೆ ಉಲ್ಲೇಖಿಸುತ್ತವೆ. ಕಾವು, ತೇವ, ಗಾಳಿಗಳ ಸಂಧಿ ಎಂಬ ಮೂರೂ ಕೂಡಿದಾಗ ಮಧ್ಯಾಹ್ನದ ಹೊತ್ತಿಗೆ ಹೂಕೋಸಿನಂಥ ಮೋಡ ಎದ್ದು ಸಂಜೆಯ ವೇಳೆಗೆ ಕಪ್ಪಿಡುತ್ತದೆ. ಅದರೊಳಗೆ ಮಂಜಿನ ಹರಳುಗಳು ಒಂದಕ್ಕೊಂದು ಡಿಕ್ಕಿ ಹೊಡೆದು ವಿದ್ಯುದಾವೇಶ ಬೇರ್ಪಡುತ್ತದೆ. ಅದು ಮೋಡದೊಳಗೆ ಹರಿದರೂ ನೆಲಕ್ಕೆ ಎರಗಿದರೂ ಮಿಂಚು ಕಾಣುತ್ತದೆ. ನೆಲಕ್ಕೆ ಎರಗುವುದು ಸಿಡಿಲು.

ಇಂಥ ಮೋಡದ ವಿಸ್ತಾರ ಕೆಲವೇ ಕಿಲೋಮೀಟರ್, ಆಯುಸ್ಸು ಒಂದೆರಡು ತಾಸು. ಒಂದು ಹೊಲ ನೆನೆದು ಬದುವಿನಾಚೆಯ ಹೊಲ ಒಣಗಿಯೇ ಉಳಿಯುವುದಕ್ಕೆ ಇದೇ ಕಾರಣ. ಯಾವ ಊರಿನ ಮೇಲೆ ಮೋಡ ಏಳುತ್ತದೆ ಎಂಬುದನ್ನು ನಾಲ್ಕು ದಿನ ಮೊದಲು ಹೇಳಲು ಯಾವ ವಿಧಾನದಿಂದಲೂ ಸಾಧ್ಯವಿಲ್ಲ. ಸಂಭವವನ್ನಷ್ಟೇ ಹೇಳಬಹುದು.

ಸಂಭವದ ಭಾಷೆ

ಸಂಭವವನ್ನು ಹೇಳುವ ಭಾಷೆಯಲ್ಲಿಯೇ ತೊಡಕು ಆರಂಭವಾಗುತ್ತದೆ. ಹವಾಮಾನ ಇಲಾಖೆ ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರು ಉಪವಿಭಾಗಗಳಾಗಿ ಗುರುತಿಸಿದೆ. ಇವುಗಳನ್ನು ಕುರಿತ ವರದಿಯಲ್ಲಿ ‘ಒಂದೆರಡು ಕಡೆ’, ‘ಕೆಲವು ಕಡೆ’, ‘ಹಲವು ಕಡೆ’, ‘ಬಹುತೇಕ ಕಡೆ’ ಎಂಬ ಮಾತುಗಳು ಬರುತ್ತವೆ. ಇವು ಬಾಯಿಗೆ ಬಂದಂತೆ ಆಡಿದ ಮಾತುಗಳಲ್ಲ. ಉಪವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ಶೇಕಡಾ 25ರವರೆಗೆ ಮಳೆಯಾಗುವುದಿದ್ದರೆ ಮೊದಲನೆಯದು, 26ರಿಂದ 50 ಎರಡನೆಯದು, 51ರಿಂದ 75 ಮೂರನೆಯದು, ಅದಕ್ಕೂ ಮೇಲಿನದು ನಾಲ್ಕನೆಯದು. ಕೇಳುವ ರೈತ ‘ಒಂದೆರಡು ಕಡೆ’ ಎಂಬುದನ್ನು ಒಂದೆರಡು ಊರು ಎಂದೇ ತಿಳಿಯುತ್ತಾನೆ. ತನ್ನ ಊರು ಅದರಲ್ಲಿರಲಾರದು ಎಂದುಕೊಳ್ಳುತ್ತಾನೆ. ಉಪವಿಭಾಗದ ಕಾಲುಭಾಗ ಎಂದರೆ ನೂರಾರು ಹಳ್ಳಿಗಳು ಎಂಬ ಅರ್ಥ ಆ ಮಾತಿನಿಂದ ಹೊಮ್ಮುವುದಿಲ್ಲ.

‘ಶಾಖದ ಅಲೆ’ಗೂ ಇದೇ ಗತಿಯಾಗಿದೆ. ಬಯಲಿನಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಹೆಚ್ಚಿದ್ದರೆ ಅದು ಶಾಖದ ಅಲೆ. ಕರಾವಳಿಗೆ ಈ ಮಿತಿ 37 ಡಿಗ್ರಿ. ಉಷ್ಣಾಂಶ 45 ಡಿಗ್ರಿ ಮುಟ್ಟಿದರೆ ವಾಡಿಕೆಯ ಹೋಲಿಕೆ ಬೇಕಾಗಿಲ್ಲ. ಕನ್ನಡ ಪತ್ರಿಕೆಗಳು ಇದನ್ನು ಅನೇಕ ವೇಳೆ ‘ಬಿಸಿಗಾಳಿ’ ಎಂದು ಅನುವಾದಿಸುತ್ತವೆ. ಗಾಳಿಯೇ ಆಡದೆ ಕುದಿಯುವ ದಿನದಲ್ಲಿ ‘ಬಿಸಿಗಾಳಿ’ಯ ಎಚ್ಚರಿಕೆ ಕೇಳಿದವನು ಅದು ತನಗೆ ಸಂಬಂಧಿಸಿದ್ದಲ್ಲ ಎಂದು ಭಾವಿಸಿದರೆ ತಪ್ಪು ಆತನದಲ್ಲ.

ಋತುಮಾನ ಮುನ್ನೋಟವು ‘ವಾಡಿಕೆಗಿಂತ ಹೆಚ್ಚು’, ‘ವಾಡಿಕೆಯಷ್ಟು’, ‘ವಾಡಿಕೆಗಿಂತ ಕಡಿಮೆ’ ಎಂಬ ಮೂರು ಸ್ಥಿತಿಗಳಲ್ಲಿ ಯಾವುದಕ್ಕೆ ಎಷ್ಟು ಸಂಭವವಿದೆ ಎಂಬುದನ್ನು ತಿಳಿಸುತ್ತದೆ. ಮುಂದಿನದರ ಸುಳಿವೇ ಇಲ್ಲದಿದ್ದರೆ ಮೂರಕ್ಕೂ ಸಮಪಾಲು. ಒಂದಕ್ಕೆ ಶೇಕಡಾ 55ರಷ್ಟು ಸಂಭವವಿದೆ ಎಂದರೆ ಉಳಿದ 45ರಷ್ಟು ಪಾಲು ಬೇರೆ ಸ್ಥಿತಿಗಳಿಗೆ ಸೇರಿದೆ ಎಂದರ್ಥ. ಸುದ್ದಿಯಾಗುವ ಹೊತ್ತಿಗೆ ಈ 45 ಮರೆಯಾಗಿ ‘ಈ ಬಾರಿ ಬಿಸಿಲು ಹೆಚ್ಚು’ ಎಂಬ ಭವಿಷ್ಯವಾಣಿ ಮಾತ್ರ ಉಳಿಯುತ್ತದೆ. ಕಾರ್ಣಿಕದ ನುಡಿಯಲ್ಲಿಯಾದರೂ ಅರ್ಥ ಬಿಡಿಸುವುದಕ್ಕೆ ಎಡೆಯಿರುತ್ತದೆ. ನೆರೆದ ಜನ ಅದನ್ನು ಹಲವು ಬಗೆಯಲ್ಲಿ ವ್ಯಾಖ್ಯಾನಿಸುತ್ತಾರೆ. ಸುದ್ದಿಯಾದ ಮುನ್ನೋಟಕ್ಕೆ ಆ ಅವಕಾಶವೂ ಇಲ್ಲ.

ಸಂಭವವನ್ನು ಹೇಳುವ ಶಕ್ತಿ ಕನ್ನಡಕ್ಕೆ ಇಲ್ಲವೆಂದಲ್ಲ. ‘ಬಂದೀತು’, ‘ಸುರಿದೀತು’, ‘ಬಡಿದೀತು’ ಎಂಬ ಸಂಭಾವನಾರ್ಥಕ ಕ್ರಿಯಾರೂಪಗಳು ಕನ್ನಡದ ವಿಶೇಷ. ಹಳ್ಳಿಗರು ಆಕಾಶ ನೋಡಿ ಮಾತನಾಡುವಾಗ ಸಹಜವಾಗಿ ಬಳಸುವುದು ಈ ರೂಪಗಳನ್ನೇ. ಅಧಿಕೃತ ವರದಿಗಳು ಇದನ್ನು ಬಿಟ್ಟು ಎಲ್ಲ ಮಟ್ಟದ ಸಂಭವಕ್ಕೂ ‘ಸಾಧ್ಯತೆ ಇದೆ’ ಎಂಬ ಒಂದೇ ಸಿದ್ಧವಾಕ್ಯವನ್ನು ಹೊಂದಿಸಿಕೊಂಡಿರುವುದು ಭಾಷೆಯ ದೃಷ್ಟಿಯಿಂದ ನಷ್ಟವೇ ಆಗಿದೆ.

ಸಿಡಿಲು: ಗಾದೆ ಮೌನವಾಗುವ ಜಾಗ

ಮಳೆಗೆ ಸಂಬಂಧಿಸಿದಂತೆ ಇಷ್ಟು ವಿವರವಾದ ‘ಬಂದರೆ’ಗಳನ್ನು ಕಟ್ಟಿದ ಜನಪದ ಪರಂಪರೆ ಸಿಡಿಲಿನ ವಿಷಯದಲ್ಲಿ ಬೇರೆಯೇ ದಾರಿ ಹಿಡಿದಿದೆ. ಗುಡುಗು ಕೇಳಿದೊಡನೆ ಹಿರಿಯರು ಅರ್ಜುನನ ಹತ್ತು ಹೆಸರುಗಳನ್ನು ಹೇಳಿಕೊಳ್ಳುತ್ತಾರೆ. ವಜ್ರಾಯುಧ ಇಂದ್ರನದು, ಅರ್ಜುನ ಇಂದ್ರನ ಮಗ. ಮಗನ ಹೆಸರು ಕೇಳಿ ತಂದೆ ಶಾಂತನಾಗುತ್ತಾನೆ ಎಂಬುದು ಇದರ ಆಶಯ. ಮಲೆನಾಡಿನ ಮನೆಗಳಲ್ಲಿ ಕತ್ತಿ, ಕುಡುಗೋಲುಗಳನ್ನು ಅಂಗಳಕ್ಕೆ ಎಸೆಯುವ ಪದ್ಧತಿಯೂ ಉಂಟು. ಭಯಗೊಂಡ ಮಕ್ಕಳಿಗೆ ಧೈರ್ಯ ತುಂಬುವ ದೃಷ್ಟಿಯಿಂದ ಇಂಥ ಆಚರಣೆಗಳಿಗೆ ಬೆಲೆಯಿದೆ. ಸಿಡಿಲಿನಿಂದ ಕಾಪಾಡುವ ಶಕ್ತಿ ಅವಕ್ಕಿಲ್ಲ. ಕಬ್ಬಿಣ ಎಸೆಯಲು ಅಂಗಳಕ್ಕಿಳಿಯುವುದಂತೂ ಅಪಾಯಕ್ಕೆ ಎದುರು ಹೋದಂತೆ.

ಆದರೆ ಭಾಷೆ ಒಂದು ಎಚ್ಚರಿಕೆಯನ್ನು ಉಳಿಸಿಕೊಂಡಿದೆ. ಮಳೆಯಿಲ್ಲದೆ ಎರಗುವ ಸಿಡಿಲಿಗೆ ಕನ್ನಡದಲ್ಲಿ ‘ಬರಸಿಡಿಲು’ ಎಂಬ ಪದವಿದೆ. ಇಂದು ಅದು ಕೆಟ್ಟ ಸುದ್ದಿಗೆ ಉಪಮೆಯಾಗಿ ಮಾತ್ರ ಬಳಕೆಯಾಗುತ್ತಿದೆ. ಅದರ ಮೂಲಾರ್ಥ ಪ್ರತ್ಯಕ್ಷ ಅನುಭವದಿಂದ ಬಂದುದು. ಮೋಡದ ಮಳೆ ಬೀಳುವ ಭಾಗದಿಂದ ಹತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಸಿಡಿಲು ಎರಗಬಹುದು ಎಂಬುದು ಇಂದು ಸಿದ್ಧಪಟ್ಟಿದೆ. ಹನಿ ಬೀಳುವ ಮೊದಲೇ ಅಪಾಯ ಬಂದಿರುತ್ತದೆ. ಮಳೆ ಆರಂಭವಾದ ಮೇಲೆ ಓಡಿದರಾಯಿತು ಎಂದು ಕೊನೆಯ ಸಾಲು ಮುಗಿಸಲು ನಿಂತವರು, ಹನಿ ಬಿದ್ದೊಡನೆ ಮರದಡಿಗೆ ಸೇರಿದವರು ಹೆಚ್ಚಾಗಿ ಇದಕ್ಕೆ ಬಲಿಯಾಗುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಪ್ರಕಾರ 2022ರಲ್ಲಿ ದೇಶದಲ್ಲಿ ಸಿಡಿಲಿನಿಂದ ಸತ್ತವರು 2,887 ಮಂದಿ. ಕರ್ನಾಟಕದಲ್ಲಿಯೂ ಪ್ರತಿ ಏಪ್ರಿಲ್–ಮೇ ತಿಂಗಳಲ್ಲಿ ಕುರಿಗಾಹಿಗಳು, ಹೊಲದ ಕೂಲಿಗಳು, ದನ ಮೇಯಿಸುವ ಹುಡುಗರು ಸಿಡಿಲಿಗೆ ಸಿಕ್ಕ ಸುದ್ದಿಗಳು ಬರುತ್ತಲೇ ಇವೆ.

ಮರವು ನೆರಳು ಕೊಡುತ್ತದೆ, ಮಳೆಗೆ ಮರೆಯಾಗುತ್ತದೆ. ಬಯಲುಸೀಮೆಯ ಹೊಲದ ಬದುವಿನಲ್ಲಿ ಒಂಟಿಯಾಗಿ ನಿಂತ ಬೇವು ಅಥವಾ ಜಾಲಿ ಬೇಸಿಗೆಯ ಬಾಳಿನ ಆಸರೆಯೇ ಸರಿ. ಅದೇ ಕಾರಣದಿಂದ ಜನ ಅದರಡಿಗೆ ಓಡುತ್ತಾರೆ. ಮರಕ್ಕೆ ಎರಗಿದ ಸಿಡಿಲು ಕಾಂಡದಿಂದ ಪಕ್ಕದಲ್ಲಿ ನಿಂತವರ ಮೈಗೆ ಚಿಮ್ಮುತ್ತದೆ. ಬೇರಿನ ಸುತ್ತ ನೆಲದಲ್ಲಿ ಹರಡುತ್ತದೆ. ಮುಂಗಾಲು, ಹಿಂಗಾಲುಗಳ ನಡುವೆ ಅಂತರವಿರುವ ದನ, ಕುರಿಗಳ ಮೈಮೂಲಕ ಅದು ಸುಲಭವಾಗಿ ಹಾಯುವುದರಿಂದ ಇಡೀ ಹಿಂಡು ಒಮ್ಮೆಗೇ ಸಾಯುತ್ತದೆ. ಇದನ್ನು ದೈವದ ಮುನಿಸೆಂದು ತಿಳಿದು ಸುಮ್ಮನಾಗುವುದುಂಟು. ಸಿಡಿಲು ಬಡಿದವರನ್ನು ಮುಟ್ಟಬಾರದು ಎಂಬ ಭಯವೂ, ದೇಶದ ಕೆಲವು ಭಾಗಗಳಲ್ಲಿ ಅವರನ್ನು ಸಗಣಿ ಗೊಬ್ಬರದಲ್ಲಿ ಹೂಳುವ ರೂಢಿಯೂ ಇನ್ನೂ ಉಳಿದಿವೆ. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ನಿಂತ ಉಸಿರು, ನಿಂತ ಎದೆಬಡಿತವನ್ನು ಆ ಕ್ಷಣವೇ ಎದೆ ಒತ್ತಿ ಮರಳಿಸುವ ಯತ್ನ ನಡೆದರೆ ಕೆಲವರಾದರೂ ಬದುಕುತ್ತಾರೆ. ಗೊಬ್ಬರದಲ್ಲಿ ಹೂಳುವಾಗ ಕಳೆಯುವುದು ಈ ಅಮೂಲ್ಯ ನಿಮಿಷಗಳೇ.

ಸಮಾರೋಪ

ಮುನ್ನೋಟ ಇಂದು ತಾಂತ್ರಿಕವಾಗಿ ಬಹಳ ಮುಂದುವರಿದಿದೆ. ಕರ್ನಾಟಕದಲ್ಲಿ 1988ರಲ್ಲಿ ಬರ ನಿರ್ವಹಣೆಗೆಂದು ಆರಂಭವಾದ ಘಟಕವು 2007ರಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಸ್ಥಾಪಿಸಿದೆ. ಸಿಡಿಲಿನ ಸುಳಿವು ನೀಡುವ ‘ಸಿಡಿಲು’, ‘ದಾಮಿನಿ’ ಎಂಬ ಮೊಬೈಲ್ ತಂತ್ರಾಂಶಗಳು ಬಂದಿವೆ. ಮುಂದಿನ ಕೆಲವು ತಾಸುಗಳ ಗುಡುಗುಮಳೆಗೆ ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಎಚ್ಚರಿಕೆಯನ್ನು ಇಲಾಖೆ ನೀಡುತ್ತದೆ. ಆದರೆ ಕುರಿಹಿಂಡಿನೊಂದಿಗೆ ಊರಿನಿಂದ ಮೈಲುಗಟ್ಟಲೆ ದೂರವಿರುವವನಿಗೆ ಬಣ್ಣ ತಲಪುವುದಿಲ್ಲ. ತಲಪಿದರೂ ಕಿತ್ತಳೆ ಬಂದರೆ ಏನು ಮಾಡಬೇಕೆಂದು ಅದು ತಾನಾಗಿ ಹೇಳುವುದಿಲ್ಲ. ‘ಬಂದೀತು’ ಎಂಬ ಅರ್ಧ ಮಾತ್ರ ಅಲ್ಲಿದೆ.

ಉಳಿದ ಅರ್ಧವನ್ನು ಕಟ್ಟುವ ವಿದ್ಯೆ ಜನಪದರದು. ಭರಣಿಗೂ ರೋಹಿಣಿಗೂ ಗಾದೆ ಕಟ್ಟಿ, ಅಕ್ಷರ ಬಾರದವರೂ ನೂರಾರು ವರ್ಷ ನೆನಪಿಡುವಂತೆ ಮಾಡಿದ ಸಮಾಜ ಸಿಡಿಲಿಗೂ ಗಾದೆ ಕಟ್ಟಬಲ್ಲದು. ಗುಡುಗು ಕೇಳಿದರೆ ಮರ ಬಿಡು, ಗಟ್ಟಿ ಮನೆ ಸೇರು. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಎಣಿಸುವಷ್ಟರೊಳಗೆ ಸದ್ದು ಬಂದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ. ಕೊನೆಯ ಗುಡುಗಿನ ಮೇಲೆ ಅರ್ಧ ತಾಸು ಹೊರಬರಬೇಡ. ಇಷ್ಟು ತಿಳಿವಳಿಕೆ ಡಂಗುರದಲ್ಲಿ, ಗುಡಿಯ ಧ್ವನಿವರ್ಧಕದಲ್ಲಿ, ಶಾಲೆಯ ಪಾಠದಲ್ಲಿ, ಸಂತೆಯ ಮಾತಿನಲ್ಲಿ ಹರಿದಾಡಿದರೆ ಅದು ಬೇಗನೆ ಜನರ ನಾಲಗೆಗೆ ಇಳಿಯುತ್ತದೆ. ಇಲಾಖೆಯೂ ತನ್ನ ವರದಿಯನ್ನು ‘ಭರಣಿಯ ಕೊನೆಯ ಪಾದ’, ‘ರೋಹಿಣಿ ಹುಟ್ಟುವ ವೇಳೆ’ ಎಂಬ ಕಾಲಗಣನೆಯೊಂದಿಗೆ ಜೋಡಿಸಿ, ‘ಒಂದೆರಡು ಕಡೆ’ ಎಂಬುದರ ಅರ್ಥವನ್ನು ಬಿಡಿಸಿ ಹೇಳಿದರೆ ರೈತನಿಗೆ ಅದು ತನ್ನ ಮಾತೆಂದು ತೋರುತ್ತದೆ.

ಜನಪದ ಜ್ಞಾನವನ್ನು ಗೌರವಿಸುವುದೆಂದರೆ ಅದನ್ನು ಇದ್ದಂತೆಯೇ ಪೆಟ್ಟಿಗೆಯಲ್ಲಿಡುವುದಲ್ಲ. ಆಕಾಶ ಸರಿದಂತೆ ಭರಣಿಯ ಗಾದೆಯನ್ನು ಸರಿಪಡಿಸಿಕೊಂಡವರು ಜನಪದರೇ. ಮಳೆಯ ವಿಷಯದಲ್ಲಿ ಅವರಿಂದ ಕಲಿಯಬೇಕಾದುದು ಬಹಳವಿದೆ. ಸಿಡಿಲಿನ ವಿಷಯದಲ್ಲಿ ಅವರಿಗೆ ತಿಳಿಸಬೇಕಾದುದೂ ಇದೆ. ಈ ಕೊಡುಕೊಳೆ ಮುಂದಿನ ಅಶ್ವಿನಿ ಹುಟ್ಟುವುದರೊಳಗೆ ಒಂದಿಷ್ಟಾದರೂ ನಡೆದರೆ, ಹೊಲದ ಬದುವಿನ ಒಂಟಿ ಮರದ ಕೆಳಗೆ ನಿಲ್ಲುವವರ ಸಂಖ್ಯೆ ಕಡಿಮೆಯಾದೀತು.